ತಾರಸಿ ಬಿಸಿಲಲ್ಲಿ ಕಾರು ಚಾರ್ಜ್: ಎಷ್ಟು ಪ್ಯಾನಲ್ ಬೇಕು, ಎಷ್ಟು ಉಳಿಯುತ್ತೆ, ಎಲ್ಲಿ ಎಡವುತ್ತಾರೆ?

ತುಮಕೂರು: ಸಿರಾ, ಪಾವಗಡ, ಮಧುಗಿರಿ ಕಡೆ ಬಿಸಿಲಿಗೆ ಬರ ಇಲ್ಲ. ಪೆಟ್ರೋಲ್ ಲೀಟರ್‌ಗೆ ನೂರು ರೂಪಾಯಿ ದಾಟಿ ವರ್ಷಗಳೇ ಆದವು. ಹೀಗಾಗಿ ಎಲೆಕ್ಟ್ರಿಕ್ ಕಾರು ತಗೊಳ್ಳೋಕೆ ಹೊರಟವರ ಬಾಯಲ್ಲಿ ಒಂದೇ ಪ್ರಶ್ನೆ: "ಮೇಲೆ ಸೋಲಾರ್ ಹಾಕ್ಸಿಬಿಟ್ರೆ ಕಾರು ಪುಕ್ಕಟೆ ಓಡುತ್ತಲ್ವಾ?"

ಪೂರ್ತಿ ಪುಕ್ಕಟೆ ಅಲ್ಲ, ಆದರೆ ಲೆಕ್ಕ ಹಾಕಿ ಮಾಡಿದರೆ ತುಂಬಾ ಅಗ್ಗ. ಲೆಕ್ಕ ಹಾಕದೆ ಮಾಡಿದರೆ ಮಾತ್ರ ಗೃಹಜ್ಯೋತಿಯ ಸೊನ್ನೆ ಬಿಲ್ಲೂ ಹೋಗಿ, ಹಾಕಿದ ದುಡ್ಡು ವಾಪಸ್ ಬರೋಕೆ ಹತ್ತು ವರ್ಷ ಕಾಯಬೇಕಾಗಬಹುದು. ಮನೆಯವರು, ಅಂಗಡಿಯವರು, ಸಂಘದವರು ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಮೊದಲು ಕಾರಿನ ಹೊಟ್ಟೆ ಎಷ್ಟು ನೋಡಿ

ಪೆಟ್ರೋಲ್ ಕಾರಿಗೆ ಲೀಟರ್ ಇದ್ದಂತೆ ಎಲೆಕ್ಟ್ರಿಕ್ ಕಾರಿಗೆ ಯೂನಿಟ್. ಟಾಟಾ ಟಿಯಾಗೊ ಇವಿಯಂಥ ಸಣ್ಣ ಕಾರಿನ ಬ್ಯಾಟರಿ 19 ಯೂನಿಟ್ ಅಥವಾ 24 ಯೂನಿಟ್ ಹಿಡಿಯುತ್ತದೆ. ಎಂಜಿ ಕಾಮೆಟ್ ಇನ್ನೂ ಚಿಕ್ಕದು, ಸುಮಾರು 17 ಯೂನಿಟ್. ನೆಕ್ಸಾನ್, ವಿಂಡ್ಸರ್ ತರಹದ ದೊಡ್ಡ ಗಾಡಿಗಳಿಗೆ ಮಾದರಿಗೆ ತಕ್ಕಂತೆ 30ರಿಂದ 53 ಯೂನಿಟ್‌ವರೆಗೆ ಬೇಕು.

ಗೋಡೆಯ ಸಾಕೆಟ್‌ನಿಂದ ಬ್ಯಾಟರಿಗೆ ಹೋಗುವಾಗ ನೂರಕ್ಕೆ ಹತ್ತರಿಂದ ಹದಿನೈದು ಭಾಗ ವಿದ್ಯುತ್ ಬಿಸಿಯಾಗಿ ಸೋರಿಹೋಗುತ್ತದೆ. ಅದನ್ನೂ ಸೇರಿಸಿದರೆ, ಮೀಟರ್‌ನಲ್ಲಿ ಓಡಿದ ಒಂದು ಯೂನಿಟ್‌ಗೆ ಸಣ್ಣ ಕಾರು ಸುಮಾರು 7 ಕಿ.ಮೀ. ಹೋಗುತ್ತದೆ ಅಂತ ಇಟ್ಟುಕೊಳ್ಳಬಹುದು. ಕಂಪನಿಯವರು ಜಾಹೀರಾತಿನಲ್ಲಿ ಹೇಳುವ ಮೈಲೇಜ್ ಹಿಡಿದು ಲೆಕ್ಕ ಹಾಕಬಾರದು. ಎಸಿ ಹಾಕಿಕೊಂಡು ಹೆದ್ದಾರಿಯಲ್ಲಿ ನೂರರ ಮೇಲೆ ಹೊಡೆದರೆ ಅದು ಸಿಗಲ್ಲ.

ಈಗ ಮೂರು ಮನೆಗಳ ಲೆಕ್ಕ ನೋಡಿ:

- ಊರೊಳಗೇ ಅಂಗಡಿ, ಮನೆ, ಸಂತೆ ಅಂತ ದಿನಕ್ಕೆ 20 ಕಿ.ಮೀ. ಓಡಿಸುವವರು: ತಿಂಗಳಿಗೆ 600 ಕಿ.ಮೀ., ಸುಮಾರು 85 ಯೂನಿಟ್.
- ವಾರಕ್ಕೆರಡು ಸಲ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವವರು: ತಿಂಗಳಿಗೆ 1,000 ಕಿ.ಮೀ., ಸುಮಾರು 145 ಯೂನಿಟ್.
- ತುಮಕೂರಿನಿಂದ ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವವರು: ಹೋಗಿಬರೋಕೆ 140 ಕಿ.ಮೀ., 25 ದಿನಕ್ಕೆ 3,500 ಕಿ.ಮೀ., ಸುಮಾರು 500 ಯೂನಿಟ್.

ಪ್ಯಾನಲ್ ಎಷ್ಟು ಕೊಡುತ್ತೆ?

ನಮ್ಮ ಬಯಲುಸೀಮೆ ಬಿಸಿಲಿಗೆ 1 ಕಿಲೋವಾಟ್ ಪ್ಯಾನಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತದೆ. ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ ಇದಕ್ಕಿಂತ ಜಾಸ್ತಿ. ಜುಲೈ, ಆಗಸ್ಟ್‌ನ ಮೋಡ ಕವಿದ ದಿನಗಳಲ್ಲಿ ಕಮ್ಮಿ. 1 ಕಿಲೋವಾಟ್‌ಗೆ ನೆರಳಿಲ್ಲದ 100 ಚದರ ಅಡಿ ಜಾಗ ಬೇಕು.

ಅಂದರೆ ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರಿಗೆ ಒಂದೂಕಾಲು ಕಿಲೋವಾಟ್ ಸಾಕು. ದಿನಾ ಬೆಂಗಳೂರಿಗೆ ಹೋಗುವ ಕಾರಿಗೆ ನಾಲ್ಕು ಕಿಲೋವಾಟ್‌ಗೂ ಮೇಲೆ ಬೇಕು. ಮನೆಯ ಫ್ಯಾನು, ಫ್ರಿಜ್ಜು, ಮಿಕ್ಸಿ, ಪಂಪು ಸೇರಿ ತಿಂಗಳಿಗೆ 120 ಯೂನಿಟ್ ಆದರೆ ಅದಕ್ಕೆ ಇನ್ನೊಂದು ಕಿಲೋವಾಟ್. ಮನೆಯೂ ನಡೆದು, ಸಾವಿರ ಕಿ.ಮೀ. ಕಾರೂ ಓಡಬೇಕೆಂದರೆ ಎರಡೂಕಾಲು ಕಿಲೋವಾಟ್. 3 ಕಿಲೋವಾಟ್ ಹಾಕಿಸಿದರೆ ಮಳೆಗಾಲಕ್ಕೂ ಸೇರಿ ಕೈ ಮಿಗುತ್ತದೆ.

ದಕ್ಷಿಣಕ್ಕೆ ಮುಖ ಮಾಡಿ, ಸ್ವಲ್ಪವೇ ಓರೆಯಾಗಿ ಕೂರಿಸಬೇಕು. ತಾರಸಿ ಮೇಲಿನ ನೀರಿನ ಟ್ಯಾಂಕು, ಪಕ್ಕದ ಮನೆಯ ಮಹಡಿ, ತಿಪಟೂರು ಕಡೆಯಾದರೆ ತೆಂಗಿನ ಮರ ಇವುಗಳ ನೆರಳು ದೊಡ್ಡ ಶತ್ರು. ಒಂದು ಪ್ಯಾನಲ್ ಮೂಲೆಗೆ ನೆರಳು ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಪ್ಯಾನಲ್‌ಗಳ ಉತ್ಪಾದನೆಯೂ ಕುಗ್ಗುತ್ತದೆ. ಹಾಕಿಸುವ ಮೊದಲು ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕಕ್ಕೆ ತಾರಸಿ ಹತ್ತಿ ನೆರಳು ಎಲ್ಲಿ ಬೀಳುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರೆ ಸಾಕು. ಡಿಸೆಂಬರ್‌ನಲ್ಲಿ ಸೂರ್ಯ ಇನ್ನಷ್ಟು ದಕ್ಷಿಣಕ್ಕೆ ಬಾಗುವುದರಿಂದ ನೆರಳು ಉದ್ದ ಬೀಳುತ್ತದೆ ಅನ್ನೋದೂ ನೆನಪಿರಲಿ.

ಹಗಲು ಬಿಸಿಲು, ರಾತ್ರಿ ಕಾರು: ಹೊಂದಿಸೋದು ಹೇಗೆ?

ಬಿಸಿಲು ಇರೋದು ಹಗಲಲ್ಲಿ. ಕಾರು ಮನೆಗೆ ಬರೋದು ರಾತ್ರಿ. ಈ ಗಂಟು ಬಿಡಿಸುವುದೇ ನೆಟ್ ಮೀಟರ್. ಹಗಲು ಮನೆಯಲ್ಲಿ ಬಳಸಿ ಮಿಕ್ಕ ಕರೆಂಟು ಬೆಸ್ಕಾಂ ಲೈನಿಗೆ ಹೋಗುತ್ತದೆ, ಮೀಟರ್ ಅದನ್ನು ಬರೆದುಕೊಳ್ಳುತ್ತದೆ. ರಾತ್ರಿ ಕಾರಿಗೆ ಲೈನಿನಿಂದ ಬಂದ ಕರೆಂಟನ್ನೂ ಬರೆದುಕೊಳ್ಳುತ್ತದೆ. ಬಿಲ್‌ನಲ್ಲಿ ಕೊಟ್ಟಿದ್ದನ್ನು ತಗೊಂಡಿದ್ದರಿಂದ ಕಳೆಯುತ್ತಾರೆ. ಹಗಲು ಡೇರಿಗೆ ಹಾಲು ಹಾಕಿ ಸಂಜೆ ಅಲ್ಲಿಂದಲೇ ಮೊಸರು ತಂದ ಹಾಗೆ.

ಆದರೆ ಡೇರಿಯಂತೆ ಇಲ್ಲೂ ದರದಲ್ಲಿ ವ್ಯತ್ಯಾಸ ಇದೆ. ಬಳಸಿದ್ದಕ್ಕಿಂತ ಜಾಸ್ತಿ ಕೊಟ್ಟರೆ, ಆ ಹೆಚ್ಚುವರಿಗೆ ಸಿಗುವುದು ಕೆಇಆರ್‌ಸಿ ನಿಗದಿ ಮಾಡಿದ ಬೇರೆ ದರ. ಅದು ಮನೆಯವರು ಕಟ್ಟುವ ದರಕ್ಕಿಂತ ಬಹಳ ಕಮ್ಮಿ. ಆದ್ದರಿಂದ "ಹತ್ತು ಕಿಲೋವಾಟ್ ಹಾಕಿ, ಕರೆಂಟ್ ಮಾರಿ ದುಡ್ಡು ಮಾಡಿ" ಅನ್ನುವ ಏಜೆಂಟರ ಮಾತಿಗೆ ತಲೆ ಆಡಿಸಬೇಕಿಲ್ಲ. ಸ್ವಂತ ಬಳಕೆಗೆ ಸರಿಹೊಂದುವಷ್ಟು ಹಾಕಿಸಿದರೇ ಲಾಭ.

ಅಂಗಡಿಯವರಿಗೆ ಇಲ್ಲೊಂದು ಅನುಕೂಲ ಇದೆ. ಅವರ ಕಾರು ಬೆಳಗ್ಗೆ ಹತ್ತರಿಂದ ಸಂಜೆವರೆಗೆ ಅಂಗಡಿ ಮುಂದೆಯೇ ನಿಂತಿರುತ್ತದೆ. ಅಂಗಡಿ ಮೇಲೆಯೇ ಪ್ಯಾನಲ್ ಇದ್ದರೆ ಬಿಸಿಲು ನೇರವಾಗಿ ಕಾರಿಗೆ ಇಳಿಯುತ್ತದೆ.

ಗೃಹಜ್ಯೋತಿ ಇದ್ದವರು ಇದನ್ನು ಎರಡು ಸಲ ಓದಿ

ತಾಲ್ಲೂಕಿನ ಬಹುಪಾಲು ಮನೆಗಳಿಗೆ ಈಗ ಸೊನ್ನೆ ಬಿಲ್. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ, ಗರಿಷ್ಠ 200 ಯೂನಿಟ್‌ವರೆಗೆ ಉಚಿತ. ತನ್ನ ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ತಿಂಗಳಿಗೆ 120 ಯೂನಿಟ್ ಬಳಸುವ ಮನೆಗೆ ಕಾರು ಬಂದು 145 ಯೂನಿಟ್ ಸೇರಿದರೆ ಒಟ್ಟು 265. ಸೊನ್ನೆ ಬಿಲ್ ಹೋಯಿತು. 2025-26ರ ದರದಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5.80 ರೂ. ಅದರ ಮೇಲೆ ಶೇ 9ರ ತೆರಿಗೆ, ಪಿಂಚಣಿ ಬಾಬ್ತಿನ 36 ಪೈಸೆ ಸೇರಿದರೆ ಯೂನಿಟ್ ಸುಮಾರು 6.70 ರೂ. ಬೀಳುತ್ತದೆ. 265 ಯೂನಿಟ್‌ಗೆ 1,775 ರೂ. ಜೊತೆಗೆ ಕಿಲೋವಾಟ್‌ಗೆ 145 ರೂ.ನಂತೆ ನಿಗದಿತ ಶುಲ್ಕ. 3 ಕಿಲೋವಾಟ್ ಲೋಡ್ ಇದ್ದರೆ 435 ರೂ. ಎಲ್ಲಾ ಸೇರಿ 2,200 ರೂ.

ಷೋರೂಮಿನವರು "ತಿಂಗಳಿಗೆ ಸಾವಿರ ರೂಪಾಯಿ ಕರೆಂಟ್ ಅಷ್ಟೇ ಸಾರ್" ಅನ್ನುತ್ತಾರೆ. ಕಾರಿನ ಪಾಲು ಮಾತ್ರ ನೋಡಿದರೆ ಅದು ಸುಳ್ಳಲ್ಲ. ಆದರೆ ಸೊನ್ನೆ ಬಿಲ್ ಇದ್ದ ಮನೆಯ ಜೇಬಿನಿಂದ ಹೊಸದಾಗಿ ಹೋಗುವುದು ಎರಡು ಸಾವಿರದ ಮೇಲೆ. ಹಾಗಿದ್ದರೂ ಪೆಟ್ರೋಲ್‌ಗೆ ಹೋಲಿಸಿದರೆ ಕಮ್ಮಿಯೇ. ಲೀಟರ್‌ಗೆ 15 ಕಿ.ಮೀ. ಕೊಡುವ ಕಾರಿಗೆ ಸಾವಿರ ಕಿ.ಮೀ.ಗೆ 67 ಲೀಟರ್, ನೂರರ ಲೆಕ್ಕದಲ್ಲೇ 6,700 ರೂ.

ಇಂಥ ಮನೆಗೆ ಎರಡು ದಾರಿ ಇವೆ.

ಒಂದು, ಕಾರಿಗೇ ಬೇರೆ ಮೀಟರ್. ಗ್ರಾಹಕರು ಕೇಳಿದರೆ ಎಲೆಕ್ಟ್ರಿಕ್ ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಪಡೆಯಲು ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಕ್ಕೆ ಫೆಬ್ರವರಿ 2024ರಲ್ಲಿ ಆದ ತಿದ್ದುಪಡಿ ಅವಕಾಶ ಕೊಟ್ಟಿದೆ. ಆಗ ಮನೆಯ ಸೊನ್ನೆ ಬಿಲ್ ಹಾಗೇ ಉಳಿಯುತ್ತದೆ, ಕಾರಿನ 145 ಯೂನಿಟ್‌ಗೆ ಮಾತ್ರ ಬಿಲ್. ಗೃಹಜ್ಯೋತಿ ಒಂದು ಮೀಟರ್‌ಗೆ ಮಾತ್ರ, ಕಾರಿನ ಮೀಟರ್‌ಗೆ ಸಿಗಲ್ಲ.

ಎರಡು, ಒಂದೇ ಮೀಟರ್ ಇಟ್ಟುಕೊಂಡು ಸೋಲಾರ್ ಹಾಕಿಸುವುದು. 3 ಕಿಲೋವಾಟ್ ಪ್ಯಾನಲ್ 265 ಯೂನಿಟ್‌ನ್ನು ಪೂರ್ತಿ ತೀರಿಸುತ್ತದೆ, ನಿಗದಿತ ಶುಲ್ಕ ಮಾತ್ರ ಉಳಿಯುತ್ತದೆ. ತಿಂಗಳಿಗೆ 1,775 ರೂ. ಉಳಿತಾಯ.

ಯಾವುದು ಮೇಲು? ಕೈಯಿಂದ ಹಾಕುವ ದುಡ್ಡು 1.20 ಲಕ್ಷ ಅಂತ ಹಿಡಿದರೆ, ಗೃಹಜ್ಯೋತಿ ಇಲ್ಲದ ಅಥವಾ ಕಾರಿನಿಂದಾಗಿ ಕಳೆದುಕೊಳ್ಳುವ ಮನೆಗೆ ಐದೂವರೆಯಿಂದ ಆರು ವರ್ಷದಲ್ಲಿ ಅಸಲು ವಾಪಸ್. ಅದೇ, ಬೇರೆ ಮೀಟರ್ ಹಾಕಿಸಿ ಸೊನ್ನೆ ಬಿಲ್ ಉಳಿಸಿಕೊಂಡ ಮನೆಯಲ್ಲಿ ಸೋಲಾರ್‌ನಿಂದ ಉಳಿಯೋದು ಕಾರಿನ ಪಾಲಿನ ಸಾವಿರ ರೂಪಾಯಿ ಮಾತ್ರ. ಅಲ್ಲಿ ಅಸಲು ವಾಪಸಾಗಲು ಹತ್ತು ವರ್ಷ ದಾಟುತ್ತದೆ. ಅಂಥವರು ಮೊದಲು ಕಾರು ತಂದು, ಆರು ತಿಂಗಳ ಬಿಲ್ ನೋಡಿ, ಆಮೇಲೆ ಪ್ಯಾನಲ್ ವಿಚಾರ ಮಾಡಿದರೂ ನಷ್ಟವಿಲ್ಲ. ಸೋಲಾರ್ ಬಂದ ಮೇಲೆ ಗೃಹಜ್ಯೋತಿ ಮಿತಿಯನ್ನು ಕಳೆದು ಉಳಿದ ಯೂನಿಟ್‌ಗೆ ನೋಡುತ್ತಾರೋ, ಒಟ್ಟು ಬಳಕೆಗೆ ನೋಡುತ್ತಾರೋ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು.

ಸಬ್ಸಿಡಿ ಎಷ್ಟು, ಯಾರಿಗೆ?

ಪಿಎಂ ಸೂರ್ಯಘರ್ ಮುಫ್ತ್ ಬಿಜಲಿ ಯೋಜನೆ ಫೆಬ್ರವರಿ 2024ರಲ್ಲಿ ಬಂತು. ದೇಶದ ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂ. ವೆಚ್ಚ, 2026-27ರವರೆಗೆ ಅವಧಿ. ಸಹಾಯಧನ ಹೀಗಿದೆ:

- 1 ಕಿಲೋವಾಟ್‌ಗೆ 30,000 ರೂ.
- 2 ಕಿಲೋವಾಟ್‌ಗೆ 60,000 ರೂ.
- 3 ಕಿಲೋವಾಟ್ ಮತ್ತು ಅದಕ್ಕೂ ಮೇಲೆ 78,000 ರೂ. (ಇದೇ ಗರಿಷ್ಠ)

ಅಂದರೆ 5 ಕಿಲೋವಾಟ್ ಹಾಕಿಸಿದರೂ 78,000 ರೂ.ಗಿಂತ ಒಂದು ರೂಪಾಯಿ ಜಾಸ್ತಿ ಬರಲ್ಲ. ಬಹಳ ಜನ 3 ಕಿಲೋವಾಟ್‌ಗೇ ನಿಲ್ಲಲು ಕಾರಣ ಇದೇ.

ಸಬ್ಸಿಡಿ ಸಿಗಬೇಕೆಂದರೆ ಪ್ಯಾನಲ್ ಮತ್ತು ಅದರೊಳಗಿನ ಸೆಲ್ ಎರಡೂ ಭಾರತದಲ್ಲೇ ತಯಾರಾದವು ಆಗಿರಬೇಕು. ಯೋಜನೆಯಲ್ಲಿ ನೋಂದಾಯಿತ ವೆಂಡರ್‌ನಿಂದಲೇ ಹಾಕಿಸಬೇಕು. ದುಡ್ಡು ಬರುವುದು ಗ್ರಾಹಕರ ಬ್ಯಾಂಕ್ ಖಾತೆಗೆ, ವೆಂಡರ್ ಕೈಗಲ್ಲ. ಮೊದಲು ಪೂರ್ತಿ ದುಡ್ಡು ಹೊಂದಿಸಬೇಕು, ಸಬ್ಸಿಡಿ ಆಮೇಲೆ ಬರುತ್ತದೆ. ಇದಕ್ಕಾಗಿ ಸರ್ಕಾರಿ ಬ್ಯಾಂಕುಗಳಲ್ಲಿ ಅಡಮಾನವಿಲ್ಲದೆ ಕಡಿಮೆ ಬಡ್ಡಿಯ ಸಾಲ ಸಿಗುತ್ತದೆ.

ಅಂಗಡಿ, ಹೋಟೆಲ್, ಗಿರಣಿ, ಕಲ್ಯಾಣ ಮಂಟಪಕ್ಕೆ ಈ ಸಬ್ಸಿಡಿ ಇಲ್ಲ. ಕೆಳಗೆ ಅಂಗಡಿ ಮೇಲೆ ಮನೆ ಇದ್ದರೆ ಮನೆಯ ಮೀಟರ್ ಬೇರೆಯಾಗಿರಬೇಕು, ಪ್ಯಾನಲ್ ಆ ಮೀಟರ್‌ಗೇ ಸೇರಬೇಕು. ಸಬ್ಸಿಡಿ ಇಲ್ಲದಿದ್ದರೂ ಅಂಗಡಿಯವರಿಗೆ ಲೆಕ್ಕ ಕೂಡುತ್ತದೆ. ವಾಣಿಜ್ಯ ದರ ಯೂನಿಟ್‌ಗೆ 7 ರೂ. ಇರುವುದರಿಂದ ಪ್ರತಿ ಯೂನಿಟ್‌ಗೆ ಉಳಿತಾಯವೂ ಜಾಸ್ತಿ, ಗೃಹಜ್ಯೋತಿಯ ಗೊಂದಲವೂ ಇಲ್ಲ.

ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತೆ?

ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ಜಿಲ್ಲೆ, ಬೆಸ್ಕಾಂ, ಬಿಲ್ ಮೇಲಿನ ಖಾತೆ ಸಂಖ್ಯೆ ಹಾಕಿ ನೋಂದಾಯಿಸಬೇಕು. ನಂತರ ವೆಂಡರ್ ಆಯ್ಕೆ, ಅಳವಡಿಕೆ, ಬೆಸ್ಕಾಂ ಪರಿಶೀಲನೆ, ನೆಟ್ ಮೀಟರ್, 25 ವರ್ಷದ ಒಪ್ಪಂದ, ಕೊನೆಗೆ ಸಬ್ಸಿಡಿ. 2024ರ ತಿದ್ದುಪಡಿ ಪ್ರಕಾರ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತಾ ವರದಿ ಬೇಕಿಲ್ಲ. 5 ಕಿಲೋವಾಟ್‌ವರೆಗಿನ ಪ್ಯಾನಲ್‌ಗಾಗಿ ಲೈನು, ಟಿಸಿ ಬಲಪಡಿಸುವ ಕೆಲಸವಿದ್ದರೆ ಅದರ ಖರ್ಚು ವಿದ್ಯುತ್ ಕಂಪನಿಯದೇ.

ನಮ್ಮ ಕಡೆ ಅರ್ಜಿ ನಿಲ್ಲುವುದು ಹೆಚ್ಚಾಗಿ ಹೆಸರಿನ ವಿಚಾರಕ್ಕೆ. ಮನೆ ಮಗನ ಹೆಸರಲ್ಲಿ, ಮೀಟರ್ ತೀರಿಹೋದ ತಾತನ ಹೆಸರಲ್ಲಿ, ಬ್ಯಾಂಕ್ ಖಾತೆ ಸೊಸೆ ಹೆಸರಲ್ಲಿ ಇದ್ದರೆ ಸಬ್ಸಿಡಿ ಸಿಕ್ಕಿಕೊಳ್ಳುತ್ತದೆ. ಮೊದಲು ಮೀಟರ್ ಹೆಸರು ಬದಲಾವಣೆ ಮುಗಿಸಿಕೊಳ್ಳಬೇಕು. ಬಾಕಿ ಬಿಲ್ ಇದ್ದರೆ ತೀರಿಸಬೇಕು.

"ಸರ್ಕಾರದಿಂದ ಮಾತಾಡ್ತಿದೀವಿ, ಐದು ಸಾವಿರ ಕಟ್ಟಿದ್ರೆ ಸೋಲಾರ್ ಪೂರ್ತಿ ಫ್ರೀ" ಅಂತ ಫೋನ್ ಬಂದರೆ ಇಟ್ಟುಬಿಡಬೇಕು. ಪೋರ್ಟಲ್‌ನಲ್ಲಿ ನೋಂದಣಿಗೆ ದುಡ್ಡಿಲ್ಲ, ಓಟಿಪಿಯನ್ನು ಯಾರಿಗೂ ಹೇಳಬೇಕಿಲ್ಲ. ಅನುಮಾನ ಬಂದರೆ ಬೆಸ್ಕಾಂ ಸಹಾಯವಾಣಿ 1912 ಇದೆ.

ಕರೆಂಟ್ ಹೋದಾಗ ಪ್ಯಾನಲ್ ಕೂಡ ನಿಲ್ಲುತ್ತೆ

ಇದು ಬಹಳ ಜನರಿಗೆ ಹಾಕಿಸಿದ ಮೇಲೆ ಗೊತ್ತಾಗುವ ವಿಷಯ. ಮಟಮಟ ಮಧ್ಯಾಹ್ನ, ಬಿಸಿಲು ಸುಡುತ್ತಿರುತ್ತದೆ, ಲೈನಲ್ಲಿ ಕರೆಂಟ್ ಹೋಗುತ್ತದೆ. ತಾರಸಿ ಮೇಲಿನ ಸೋಲಾರ್ ಕೂಡ ಆ ಕ್ಷಣವೇ ನಿಲ್ಲುತ್ತದೆ. ಇದು ದೋಷವಲ್ಲ. ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ಮನೆಯ ಪ್ಯಾನಲ್‌ನಿಂದ ಕರೆಂಟ್ ಹೊಡೆಯದಿರಲಿ ಅಂತಲೇ ಇನ್ವರ್ಟರ್ ತಾನಾಗಿ ಬಂದ್ ಆಗುವಂತೆ ಮಾಡಿರುತ್ತಾರೆ.

ಲೋಡ್ ಶೆಡ್ಡಿಂಗ್‌ನಲ್ಲೂ ನಡೆಯಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು. ಅದು ಮನೆಯ ದೀಪ, ಫ್ಯಾನಿಗೆ ಸರಿ, ಕಾರಿಗಲ್ಲ. ಐದು ಯೂನಿಟ್‌ನ ಮನೆ ಬ್ಯಾಟರಿಯಿಂದ ಮೂವತ್ತು ಯೂನಿಟ್‌ನ ಕಾರು ತುಂಬಿಸೋದು ಚೊಂಬಿನಲ್ಲಿ ಕೆರೆ ತುಂಬಿಸಿದ ಹಾಗೆ. ಬ್ಯಾಟರಿ ಸೇರಿಸಿದರೆ ಖರ್ಚೂ ಬಹಳ ಏರುತ್ತದೆ. ಕಾರಿನ ಬ್ಯಾಟರಿಯೇ ದೊಡ್ಡದಿರುವಾಗ ಕರೆಂಟ್ ಇದ್ದಾಗಲೆಲ್ಲ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿಕೊಳ್ಳುವುದೇ ಸರಿಯಾದ ಅಭ್ಯಾಸ.

ಕೆಲವು ಕಾರುಗಳಲ್ಲಿ ಕಾರಿನಿಂದಲೇ ಕರೆಂಟ್ ಹೊರತೆಗೆದು ಮಿಕ್ಸಿ, ದೀಪ ನಡೆಸುವ ಸೌಲಭ್ಯ ಇದೆ. 2023ರ ಹೊಸ ನೆಕ್ಸಾನ್ ಇವಿಯಲ್ಲೂ ಇದು ಬಂದಿದೆ. ಅದನ್ನು ಉಪಕರಣಕ್ಕೆ ನೇರವಾಗಿ ಕೊಡಬೇಕೇ ಹೊರತು ಮನೆಯ ಸಾಕೆಟ್‌ಗೆ ಚುಚ್ಚಬಾರದು. ಹಾಗೆ ಮಾಡಿದರೆ ಜೀವಕ್ಕೇ ಅಪಾಯ.

ವೈರಿಂಗ್‌ನಲ್ಲಿ ಕೈ ಬಿಗಿ ಮಾಡಬೇಡಿ

ಕಾರಿನ ಜೊತೆ ಬರುವ ಸಾಮಾನ್ಯ ಚಾರ್ಜರ್ 3.3 ಕಿಲೋವಾಟ್‌ನದು. ಗೀಸರ್ ಹಾಕುವ 15 ಆಂಪಿಯರ್ ಸಾಕೆಟ್‌ಗೇ ಹಾಕಬಹುದು. ಆದರೆ ಗೀಸರ್ ಓಡೋದು ಅರ್ಧ ಗಂಟೆ, ಕಾರು ಎಳೆಯೋದು ಆರೇಳು ಗಂಟೆ. ಹಳೆ ಮನೆಯ ಸಣ್ಣ ವೈರು, ಸಡಿಲ ಸಾಕೆಟ್ ಅಷ್ಟು ಹೊತ್ತು ತಡೆಯದೆ ಕರಗುತ್ತವೆ.

- ಮೀಟರ್ ಬೋರ್ಡಿನಿಂದ ಕಾರು ನಿಲ್ಲಿಸುವ ಜಾಗಕ್ಕೆ ಬೇರೆಯದೇ ಲೈನು, 4 ಚದರ ಮಿ.ಮೀ. ತಾಮ್ರದ ವೈರು.
- ಆ ಲೈನಿಗೇ ಒಂದು ಎಂಸಿಬಿ, ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಕರೆಂಟ್ ಸೋರಿದರೆ ತಕ್ಷಣ ಕಡಿಯುವುದು ಇದೇ.
- ಸರಿಯಾದ ಅರ್ಥಿಂಗ್. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಚಾರ್ಜ್ ಮಾಡೋದೇ ಇಲ್ಲ. ಬೇಸಿಗೆಯಲ್ಲಿ ಗುಂಡಿ ಒಣಗಿದಾಗ ಈ ತೊಂದರೆ ಜಾಸ್ತಿ, ನೀರು ಹಾಕುತ್ತಿರಬೇಕು.
- ಎಕ್ಸ್‌ಟೆನ್ಷನ್ ಬಾಕ್ಸ್, ಟೂ ಪಿನ್ ಜೋಡಣೆ, ಕಿಟಕಿಯಿಂದ ಎಳೆದ ವೈರು ಬೇಡವೇ ಬೇಡ.
- ಹಳೆ ಮನೆಗಳ ಮಂಜೂರಾದ ಲೋಡ್ ಒಂದೆರಡು ಕಿಲೋವಾಟ್ ಮಾತ್ರ ಇರುತ್ತದೆ. ಕಾರು ಬಂದ ಮೇಲೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಲೇಬೇಕು. 7.2 ಕಿಲೋವಾಟ್‌ನ ಗೋಡೆ ಚಾರ್ಜರ್ ಆದರೆ ಇನ್ನೂ ಜಾಸ್ತಿ. ಲೋಡ್ ಏರಿದಷ್ಟೂ ತಿಂಗಳ ನಿಗದಿತ ಶುಲ್ಕ ಏರುತ್ತದೆ. ಊರೊಳಗೇ ಓಡಿಸುವವರಿಗೆ 3.3 ಸಾಕು.

ಪ್ಯಾನಲ್ ನೋಡಿಕೊಳ್ಳುವುದು ಕಷ್ಟವಲ್ಲ. ಧೂಳಿನ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಬೇಗ ಅಥವಾ ಸಂಜೆ ಪ್ಯಾನಲ್ ತಣ್ಣಗಿರುವಾಗ ಬರೀ ನೀರಿನಿಂದ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಸುರಿಯಬಾರದು, ಸೋಪಿನ ಪುಡಿ ಹಾಕಿ ಉಜ್ಜಬಾರದು. ಗಡುಸು ನೀರಿನ ಬೋರ್‌ವೆಲ್ ಇರುವ ಕಡೆ ಒರೆಸಿಬಿಡಬೇಕು, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ. ಕೋತಿ ಕಾಟ ಇರುವ ಊರುಗಳಲ್ಲಿ ವೈರನ್ನು ಪೈಪಿನೊಳಗೆ ಎಳೆಸುವುದು ಕಡ್ಡಾಯ ಅಂತಲೇ ತಿಳಿಯಬೇಕು. ಯೋಜನೆಯಡಿ ಐದು ವರ್ಷದ ನಿರ್ವಹಣೆ ವೆಂಡರ್ ಹೊಣೆ, ಬರಹದಲ್ಲಿ ಪಡೆದುಕೊಳ್ಳಬೇಕು.

ಒಂದು ತಾರಸಿ, ಹತ್ತು ಕಾರು: ಸಮುದಾಯ ಸೋಲಾರ್

ಬಾಡಿಗೆ ಮನೆಯವರಿಗೆ, ಹೆಂಚಿನ ಮನೆಯವರಿಗೆ, ತಾರಸಿ ಮೇಲೆ ನೆರಳಿರುವವರಿಗೆ ಸ್ವಂತ ಪ್ಯಾನಲ್ ಆಗಲ್ಲ. ಆದರೆ ಪ್ರತಿ ಊರಲ್ಲೂ ಖಾಲಿ ತಾರಸಿ ಬೇಕಾದಷ್ಟಿದೆ. ಹಾಲಿನ ಡೇರಿ, ಸಹಕಾರ ಸಂಘ, ಎಪಿಎಂಸಿ ಗೋದಾಮು, ಸಮುದಾಯ ಭವನ, ಅಂಗಡಿ ಸಾಲು.

20 ಕಿಲೋವಾಟ್‌ಗೆ 2,000 ಚದರ ಅಡಿ ಸಾಕು. ದಿನಕ್ಕೆ ಸರಾಸರಿ 80 ಯೂನಿಟ್. ಹತ್ತು ಕಾರಿಗೆ ತಲಾ 8 ಯೂನಿಟ್, ಅಂದರೆ ತಲಾ 55 ಕಿ.ಮೀ. ಓಡುವಷ್ಟು. ಕಾರಿನ ಬದಲು ಸ್ಕೂಟರ್, ಆಟೊ ಆದರೆ ಇನ್ನೂ ಹೆಚ್ಚು ಗಾಡಿಗಳಿಗೆ ಆಗುತ್ತದೆ. ವಸತಿ ಬಡಾವಣೆಯ ನಿವಾಸಿ ಸಂಘಗಳಿಗೆ ಸೂರ್ಯಘರ್ ಯೋಜನೆಯಲ್ಲೇ ಕಿಲೋವಾಟ್‌ಗೆ 18,000 ರೂ. ಸಬ್ಸಿಡಿ ಇದೆ. ವಾಹನ ಚಾರ್ಜಿಂಗ್ ಸೇರಿದಂತೆ ಸಾಮೂಹಿಕ ಸೌಲಭ್ಯಕ್ಕೆ ಅದನ್ನು ಬಳಸಬಹುದು.

ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಲೈಸೆನ್ಸ್ ಬೇಕಿಲ್ಲ ಅಂತ ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಅದಕ್ಕೆ ಚಾರ್ಜಿಂಗ್ ಕೇಂದ್ರದ ವರ್ಗದಲ್ಲೇ ಸಂಪರ್ಕ ಪಡೆಯಬೇಕು. ಮನೆ ಮೀಟರ್‌ನಿಂದ ವೈರ್ ಎಳೆದು, ದುಡ್ಡು ತಗೊಂಡು ಬೇರೆಯವರ ಕಾರು ಚಾರ್ಜ್ ಮಾಡಿಸಿದರೆ ಅದು ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ಅಂಥ ಬಳಕೆಗೆ ದರದ ಎರಡು ಪಟ್ಟು ಹಾಕುತ್ತಾರೆ. ಹೋಟೆಲ್, ಟೀ ಅಂಗಡಿಯವರು "ಚಾರ್ಜ್ ಮಾಡ್ಕೊಳ್ಳಿ, ಐವತ್ತು ಕೊಡಿ" ಅನ್ನುವ ಮುಂಚೆ ಇದನ್ನು ಗಮನಿಸಬೇಕು. ಸೆಪ್ಟೆಂಬರ್ 2024ರ ಕೇಂದ್ರದ ಮಾರ್ಗಸೂಚಿ ಬೆಳಗ್ಗೆ 9ರಿಂದ ಸಂಜೆ 4ರವರೆಗೆ, ಅಂದರೆ ಬಿಸಿಲಿನ ಹೊತ್ತಿನಲ್ಲಿ, ಸಾರ್ವಜನಿಕ ಚಾರ್ಜಿಂಗ್‌ಗೆ ವಿದ್ಯುತ್ ದರ ಕಮ್ಮಿ ಇರಬೇಕು ಅನ್ನುತ್ತದೆ. ಹಗಲು ಗಿರಾಕಿ ಬರುವ ಪೇಟೆ ಬೀದಿಗೆ ಇದು ಒಳ್ಳೆಯ ಸುದ್ದಿ.

ಒಂದು ಕಡೆ ಪ್ಯಾನಲ್ ಹಾಕಿ, ಅದರ ಯೂನಿಟ್‌ಗಳನ್ನು ಹತ್ತು ಮನೆಯ ಬಿಲ್‌ಗೆ ಹಂಚುವ ಪದ್ಧತಿಗೆ ವರ್ಚುವಲ್ ನೆಟ್ ಮೀಟರಿಂಗ್ ಅನ್ನುತ್ತಾರೆ. ದೆಹಲಿಯಲ್ಲಿ 2019ರಲ್ಲೇ ಇದಕ್ಕೆ ನಿಯಮ ಬಂತು. ಸಂಘಗಳು ಈ ದಾರಿ ಹಿಡಿಯುವುದಾದರೆ ಯಾರಿಗೆ ಎಷ್ಟು ಪಾಲು, ಯಾರಾದರೂ ಊರು ಬಿಟ್ಟರೆ ಪಾಲು ಯಾರಿಗೆ ಎನ್ನುವುದನ್ನು ಬೆಸ್ಕಾಂಗೆ ಹೋಗುವ ಮೊದಲೇ ಠರಾವಿನಲ್ಲಿ ಬರೆದಿಡಬೇಕು.

ಕೂಡಿ ಮಾಡಿದ ಸೋಲಾರ್ ಕೆಲಸಗಳಲ್ಲಿ ಗೆದ್ದದ್ದೂ ಇದೆ, ಸೋತದ್ದೂ ಇದೆ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ರೈತರು ಸೋಲಾರ್ ಸಹಕಾರ ಸಂಘ ಕಟ್ಟಿ, ಪಂಪ್‌ಸೆಟ್‌ಗೆ ಬಳಸಿ ಮಿಕ್ಕ ಕರೆಂಟನ್ನು ಕಂಪನಿಗೆ ಮಾರಿದರು. ಕರೆಂಟಿಗೆ ಬೆಲೆ ಬಂದದ್ದರಿಂದ ನೀರನ್ನೂ ಹಿಡಿತದಲ್ಲಿ ಬಳಸಲು ಕಾರಣವಾಯಿತು. ಬಿಹಾರದ ಧರ್ನಾಯಿ ಹಳ್ಳಿಯಲ್ಲಿ 2014ರಲ್ಲಿ 100 ಕಿಲೋವಾಟ್ ಸೋಲಾರ್ ಬಂದಾಗ ದೇಶವೇ ತಿರುಗಿ ನೋಡಿತ್ತು. ಕೆಲವೇ ವರ್ಷಗಳಲ್ಲಿ ಬ್ಯಾಟರಿ ಸೋತು, ಅಗ್ಗದ ಸರ್ಕಾರಿ ಕರೆಂಟೂ ಬಂದು, ಅದು ಪಾಳು ಬಿತ್ತು. ಪ್ಯಾನಲ್ ಹಾಕುವ ದಿನ ಬಂದ ಜನ ಇನ್ವರ್ಟರ್ ಕೆಟ್ಟ ದಿನ ಇರುವುದಿಲ್ಲ. ಹಾಗಾಗಿ ಯೂನಿಟ್‌ಗೆ ಒಂದು ರೂಪಾಯಿಯಾದರೂ ರಿಪೇರಿ ನಿಧಿಗೆ ತೆಗೆದಿಡಬೇಕು. ಪ್ಯಾನಲ್ 25 ವರ್ಷ ಬಾಳಿದರೂ ಇನ್ವರ್ಟರ್ ಹತ್ತು ವರ್ಷದ ಆಸುಪಾಸಿನಲ್ಲಿ ಬದಲಾಯಿಸಬೇಕಾಗುತ್ತದೆ. ಕೀ ಯಾರ ಹತ್ತಿರ, ಲೆಕ್ಕದ ಪುಸ್ತಕ ಯಾರ ಹತ್ತಿರ ಎನ್ನುವುದೂ ಮೊದಲ ದಿನವೇ ತೀರ್ಮಾನ ಆಗಬೇಕು.

ಪಾವಗಡದ ಕರೆಂಟು ನಮ್ಮ ಕಾರಿಗೆ ಬರುತ್ತಾ?

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ರೈತರಿಂದ ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು ಕಟ್ಟಿದ್ದು ಅದರ ವಿಶೇಷ. ಅಲ್ಲಿನ ಕರೆಂಟು ರಾಜ್ಯದ ಗ್ರಿಡ್‌ಗೆ ಹೋಗಿ ಎಲ್ಲದರ ಜೊತೆ ಬೆರೆಯುತ್ತದೆ. ಆದ್ದರಿಂದ ಇಂಥ ಕಾರಿಗೆ ಪಾವಗಡದ್ದೇ ಕರೆಂಟು ಅಂತ ಹೇಳೋಕೆ ಬರಲ್ಲ. ಆದರೆ ಹಗಲು ಚಾರ್ಜ್ ಮಾಡಿದರೆ ಬಿಸಿಲಿನ ಪಾಲು ಜಾಸ್ತಿ, ಸಂಜೆ ಏಳರ ಮೇಲೆ ಮಾಡಿದರೆ ಕಲ್ಲಿದ್ದಲಿನ ಪಾಲು ಜಾಸ್ತಿ. ರಾತ್ರಿಯೇ ಮಾಡಬೇಕಿದ್ದರೆ ಊರೆಲ್ಲ ದೀಪ, ಟಿವಿ ಹಾಕಿರುವ ಏಳರಿಂದ ಹತ್ತು ಬಿಟ್ಟು, ಹನ್ನೊಂದರ ಮೇಲೆ ಹಾಕುವುದು ಒಳ್ಳೆಯದು. ಬೀದಿಯ ಟಿಸಿಗೂ ಭಾರ ಕಮ್ಮಿ, ವೋಲ್ಟೇಜ್ ಕೂಡ ಚೆನ್ನಾಗಿರುತ್ತದೆ.

ಎಲೆಕ್ಟ್ರಿಕ್ ಕಾರು ನಮಗೆ ತೀರಾ ಹೊಸದೇನಲ್ಲ. ಮನೆಯ ಸಾಕೆಟ್‌ಗೆ ಚುಚ್ಚಿ ಓಡಿಸುವ ರೇವಾ ಕಾರು 2001ರಲ್ಲೇ ಬೆಂಗಳೂರಿನಿಂದ ಹೊರಬಂದಿತ್ತು. ಹಳ್ಳಿ ಮನೆಗಳಿಗೆ ಬ್ಯಾಂಕ್ ಸಾಲದಲ್ಲಿ ಸೋಲಾರ್ ದೀಪ ಹಾಕಿಸುವ ಕೆಲಸವನ್ನು ಹರೀಶ್ ಹಂದೆ ಅವರ ಸೆಲ್ಕೊ 1995ರಲ್ಲಿ ಕರ್ನಾಟಕದಲ್ಲೇ ಶುರು ಮಾಡಿತ್ತು. ಆಗ ಬೇರೆ ಬೇರೆಯಾಗಿದ್ದ ಎರಡು ದಾರಿ ಈಗ ಒಂದೇ ತಾರಸಿ ಕೆಳಗೆ ಸೇರಿವೆ, ಅಷ್ಟೇ.

ಅಡ್ವಾನ್ಸ್ ಕೊಡುವ ಮೊದಲು ಈ ಏಳು ನೋಡಿ

1. ಹಿಂದಿನ ಹನ್ನೆರಡು ತಿಂಗಳ ಬಿಲ್ ತೆಗೆದು ಸರಾಸರಿ ಯೂನಿಟ್ ಬರೆದುಕೊಳ್ಳಿ.
2. ತಿಂಗಳ ಕಿ.ಮೀ.ಯನ್ನು 7ರಿಂದ ಭಾಗಿಸಿ. ಬಂದದ್ದೇ ಕಾರಿನ ಯೂನಿಟ್.
3. ಎರಡನ್ನೂ ಕೂಡಿ 120ರಿಂದ ಭಾಗಿಸಿ. ಬಂದದ್ದೇ ಬೇಕಾದ ಕಿಲೋವಾಟ್.
4. ಒಟ್ಟು ಯೂನಿಟ್ 200 ದಾಟುತ್ತಾ ನೋಡಿ. ದಾಟಿದರೆ ಬೇರೆ ಮೀಟರ್ ಮೇಲೋ, ಸೋಲಾರ್ ಮೇಲೋ ಲೆಕ್ಕ ಹಾಕಿ.
5. ಮೀಟರ್, ಮನೆ, ಬ್ಯಾಂಕ್ ಖಾತೆ ಒಂದೇ ಹೆಸರಲ್ಲಿ ಇದೆಯಾ ನೋಡಿ.
6. ಕನಿಷ್ಠ ಮೂರು ವೆಂಡರ್‌ಗಳಿಂದ ಲಿಖಿತ ದರ ಪಡೆಯಿರಿ. ಸ್ಟ್ಯಾಂಡ್, ಅರ್ಥಿಂಗ್, ನೆಟ್ ಮೀಟರ್ ಶುಲ್ಕ ಅದರಲ್ಲಿ ಸೇರಿದೆಯಾ ಕೇಳಿ.
7. ಕಾರು ನಿಲ್ಲಿಸುವ ಜಾಗಕ್ಕೆ ಬೇರೆ ಲೈನ್ ಎಳೆಯುವ ಖರ್ಚನ್ನೂ ಸೇರಿಸಿಕೊಳ್ಳಿ.

ಈ ಏಳಕ್ಕೂ ಉತ್ತರ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಷೋರೂಮಿನಲ್ಲಾಗಲಿ, ವೆಂಡರ್ ಮುಂದಾಗಲಿ, ಬ್ಯಾಂಕಿನಲ್ಲಾಗಲಿ ಯಾರೂ ಸುಲಭಕ್ಕೆ ಯಾಮಾರಿಸೋಕೆ ಆಗಲ್ಲ.